ಪ್ಲಾಟಿನಂ ತಂತಿ ಸವೆದ ವರ್ಷ

ನಾನು ಒಂದು ಸರ್ಕಾರಿ ಸಂಸ್ಥೆಯಲ್ಲಿ ರಸಾಯನಶಾಸ್ತ್ರದ ಸಂಶೋಧನೆಗೆ ಸೇರಿದಾಗ ನಮ್ಮ ಪ್ರಯೋಗಾಲಯದಲ್ಲಿ ಐವರು ವಿದ್ಯಾರ್ಥಿಗಳಿದ್ದೆವು. ಎರಡು ವರ್ಷ ಮುಗಿಯುವಷ್ಟರಲ್ಲಿ ನಾನೊಬ್ಬಳೇ ಉಳಿದೆ. ಮಿಕ್ಕ ನಾಲ್ವರು ಒಬ್ಬರ ಹಿಂದೊಬ್ಬರಂತೆ ಕಂಪ್ಯೂಟರ್ ಕೋರ್ಸು ಮುಗಿಸಿಕೊಂಡು ಹೊರಟುಹೋದರು. ಹೋಗುವಾಗ ಆಮ್ಲ ಬಿದ್ದು ತೂತಾದ ತಮ್ಮ ಬಿಳಿ ಕೋಟುಗಳನ್ನು ಬಾಗಿಲ ಹಿಂದಿನ ಗೂಟಕ್ಕೆ ನೇತುಹಾಕಿ, "ನೀನೂ ಬಂದುಬಿಡು, ಇಲ್ಲೇನಿದೆ?" ಎಂದು ಕೇಳುತ್ತಿದ್ದರು. ನಾನು ಅವರನ್ನು ಗೇಟಿನವರೆಗೂ ಕಳುಹಿಸಿ, ಒಳಗೆ ಬಂದು, ಕುಲುಮೆಯ ಉಷ್ಣಾಂಶ ಎಷ್ಟಿದೆಯೆಂದು ನೋಡುತ್ತಿದ್ದೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಹೈದರಾಬಾದಿನ ಗೋಡೆಗಳ ಮೇಲೆ ಸಿನಿಮಾ ಪೋಸ್ಟರುಗಳಿಗಿಂತ ಹೆಚ್ಚಾಗಿ ಜಾವಾ ಕಲಿಸುವವರ ಪೋಸ್ಟರುಗಳಿದ್ದವು. ನಮ್ಮ ಮನೆ ನಾರಾಯಣಗೂಡದಲ್ಲಿ. ಅಜ್ಜ ನಿಜಾಮರ ಕಾಲದಲ್ಲಿ ಕಲಬುರಗಿ ಕಡೆಯಿಂದ ಸರ್ಕಾರಿ ಚಾಕರಿಗೆಂದು ಬಂದವರು. ಅಪ್ಪ ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾಗಿದ್ದರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಬಜಾರಿನಲ್ಲಿ ಹಿಂದಿ. ಹೀಗೆ ಮೂರು ಭಾಷೆಯಲ್ಲಿ ಬೆಳೆದ ನನಗೆ ನಾಲ್ಕನೆಯದಾಗಿ ಕಂಪ್ಯೂಟರ್ ಭಾಷೆಯನ್ನೂ ಕಲಿಸಿಬಿಡಬೇಕೆಂದು ಅಕ್ಕನ ಗಂಡ, ನಮ್ಮ ಭಾವ, ಪಣ ತೊಟ್ಟಂತಿದ್ದರು. ನಮ್ಮ ಬೀದಿಯ ತುದಿಯಲ್ಲಿ ಅವರದೇ ಒಂದು ತರಬೇತಿ ಕೇಂದ್ರವಿತ್ತು. ಭಾನುವಾರ ಊಟಕ್ಕೆ ಬಂದಾಗಲೆಲ್ಲ ಅದೇ ಮಾತು.

"ಇನ್ನೂ ಎಷ್ಟು ದಿನ ಆ ಕರಿ ಪುಡಿ ಅರೀತಿ? ನಾಲ್ಕು ತಿಂಗಳು ನನ್ನ ಕಡೆ ಬಾ. ನಿನ್ನ ಬುದ್ಧಿಗೆ ಅದು ಆಟ ಇದ್ಹಂಗ."

"ಆಟ ಆಡೋರು ಆಡಲಿ ಭಾವ. ನನಗ ಕೆಲಸ ಅದ," ಎನ್ನುತ್ತಿದ್ದೆ.

ಅವ್ವ ಸುಮ್ಮನೆ ಅನ್ನ ಬಡಿಸುತ್ತಿದ್ದಳು. ಅಪ್ಪ ಮಾತ್ರ ಒಮ್ಮೆ, "ಆ ಪುಡಿಯಿಂದ ಏನಾಗ್ತದ, ನನಗರ ಹೇಳು," ಎಂದು ಕೇಳಿದರು. ಅವತ್ತು ಬೇಸಿಗೆಯ ಮಧ್ಯಾಹ್ನ. ಕರೆಂಟ್ ಹೋಗಿ ಫ್ಯಾನು ನಿಂತಿತ್ತು. ನಾನು ಹೇಳಿದೆ: ನೀರಿಗೆ ವಿದ್ಯುತ್ ಹಾಯಿಸಿದರೆ ಅದರೊಳಗಿನ ಜಲಜನಕ ಗುಳ್ಳೆಯಾಗಿ ಹೊರಬರುತ್ತದೆ. ಅದನ್ನು ಕೂಡಿಟ್ಟುಕೊಂಡು ಬೇಕೆಂದಾಗ ಇಂಧನದಂತೆ ಬಳಸಬಹುದು, ಮತ್ತೆ ವಿದ್ಯುತ್ತನ್ನೇ ಪಡೆಯಬಹುದು. ಆದರೆ ನೀರು ಸುಲಭಕ್ಕೆ ಜಲಜನಕವನ್ನು ಬಿಟ್ಟುಕೊಡುವುದಿಲ್ಲ. ಒಂದು ವೇಗವರ್ಧಕ ಬೇಕು. ತಾನು ಖರ್ಚಾಗದೆ ಆ ಕೆಲಸವನ್ನು ಹಗುರ ಮಾಡಿಕೊಡುವ ವಸ್ತು. ಅದಕ್ಕೆ ಪ್ಲಾಟಿನಂನಷ್ಟು ಒಳ್ಳೆಯದು ಬೇರೆ ಇಲ್ಲ, ಆದರೆ ಪ್ಲಾಟಿನಂ ಊರಿಗೆಲ್ಲ ಸಾಲುವ ಲೋಹವಲ್ಲ. ಅದರ ಜಾಗದಲ್ಲಿ ಕಬ್ಬಿಣ, ಮಾಲಿಬ್ಡಿನಂ, ಇದ್ದಿಲು ಸೇರಿಸಿ ಸುಟ್ಟ ಪುಡಿಯಿಂದ ಅದೇ ಕೆಲಸ ಮಾಡಿಸಲು ಆಗುತ್ತದೆಯೇ ಎಂಬುದು ನನ್ನ ಪ್ರಶ್ನೆ.

ಅಪ್ಪ ಬೀಸಣಿಗೆ ಬೀಸಿಕೊಳ್ಳುತ್ತ, "ಇದು ಚೊಲೋ ಕೆಲಸ," ಎಂದರು. ನನಗೆ ಅಷ್ಟು ಸಾಕಾಗಿತ್ತು.

ನನ್ನ ಮಾರ್ಗದರ್ಶಕರು ತೆಲುಗಿನವರು. ನಾವು ಅವರನ್ನು ಸರ್ ಎಂದಷ್ಟೇ ಕರೆಯುತ್ತಿದ್ದೆವು. ಬಡತನದಲ್ಲಿ ಓದಿ ಮೇಲೆ ಬಂದವರು, ಒಳ್ಳೆಯ ಪಾಠ ಹೇಳುವವರು. ವಿದ್ಯಾರ್ಥಿಗಳೆಲ್ಲ ಬಿಟ್ಟುಹೋದದ್ದು ಅವರಿಗೆ ಒಳಗೇ ಕೊರೆಯುತ್ತಿತ್ತು. ರಸಾಯನಶಾಸ್ತ್ರಕ್ಕೆ ಇನ್ನು ಕಾಲವಿಲ್ಲವೆಂದು ಯಾರಾದರೂ ಅಂದರೆ ಅವರ ಮುಖ ಕೆಂಪಾಗುತ್ತಿತ್ತು. ಏನಾದರೂ ದೊಡ್ಡದು ಮಾಡಿ ತೋರಿಸಬೇಕೆಂಬ ಹಟ ಅವರಿಗಿತ್ತು. ನನಗೂ ಇತ್ತು.

ಪ್ರಯೋಗಾಲಯದ ಹಿಂಭಾಗದಲ್ಲಿ, ಬೇವಿನ ಮರದ ಪಕ್ಕ, ಗಾಜಿನ ಕಾರ್ಯಾಗಾರವಿತ್ತು. ನಮಗೆ ಬೇಕಾದ ಗಾಜಿನ ಪಾತ್ರೆ, ಕೊಳವೆಗಳನ್ನೆಲ್ಲ ಜ್ವಾಲೆಯಲ್ಲಿ ಕಾಸಿ, ಊದಿ, ತಿರುಚಿ ಮಾಡಿಕೊಡುವವರು ಒಬ್ಬರೇ ಒಬ್ಬರು. ರಾಯಚೂರು ಕಡೆಯವರು. ಹದಿಹರೆಯದಲ್ಲೇ ಈ ಊರಿಗೆ ಬಂದು, ಸನತ್‌ನಗರದ ಒಂದು ಗಾಜಿನ ಕಾರ್ಖಾನೆಯಲ್ಲಿ ಕೆಲಸ ಕಲಿತು, ಆಮೇಲೆ ಸರ್ಕಾರಿ ನೌಕರಿ ಹಿಡಿದವರು. ನೇರಳೆ ಗಾಜಿನ ಕನ್ನಡಕ ಹಾಕಿಕೊಂಡು ಬರ್ನರ್ ಮುಂದೆ ಕೂತರೆಂದರೆ ಯಾರೇ ಬಂದರೂ ತಲೆ ಎತ್ತುತ್ತಿರಲಿಲ್ಲ. ನಾನು ಮೊದಲ ಸಲ ಹೋದಾಗ, ನನ್ನ ಚೀಟಿಯ ಮೇಲಿನ ಹೆಸರು ಓದಿ ಕನ್ನಡಕ ಹಣೆಗೇರಿಸಿ, "ನಮ್ಮ ಕಡೆಯವರಾ?" ಎಂದು ಕೇಳಿದ್ದರು. ಅವತ್ತಿನಿಂದ ಅವರು ನನಗೆ ಕಾಕಾ, ನಾನು ಅವರಿಗೆ ತಂಗಿ; ನಮ್ಮ ಕಡೆ ಮಗಳ ವಯಸ್ಸಿನವರನ್ನೂ ಹಾಗೇ ಕರೆಯುತ್ತಾರೆ. ಇಡೀ ಸಂಸ್ಥೆಯಲ್ಲಿ ನಾನು ಕನ್ನಡ ಮಾತಾಡುತ್ತಿದ್ದ ಜಾಗ ಅದೊಂದೇ.

ನನ್ನ ಪ್ರಯೋಗದ ಪಾತ್ರೆಗಳನ್ನು ಮಾಡಿದವರೂ ಅವರೇ. ಪಾತ್ರೆಯೊಳಗೆ ಆಮ್ಲ. ಆಮ್ಲದಲ್ಲಿ ಎದುರುಬದುರು ಎರಡು ವಿದ್ಯುದ್ವಾರಗಳು. ಒಂದು, ನನ್ನ ಕಪ್ಪು ಪುಡಿ ಬಳಿದ ಇದ್ದಿಲಿನ ಹಲಗೆ. ಜಲಜನಕ ಬರಬೇಕಾದದ್ದು ಅಲ್ಲಿ. ಇನ್ನೊಂದು, ವಿದ್ಯುತ್ತಿನ ಸುತ್ತು ಪೂರ್ತಿಯಾಗಲೆಂದು ಇಳಿಬಿಟ್ಟ ಪ್ಲಾಟಿನಂ ತಂತಿಯ ಸುರುಳಿ. ಆ ತಂತಿಯನ್ನು ಗಾಜಿನ ಕೊಳವೆಯ ತುದಿಗೆ ಬೆಸೆಯುವುದು ನಾಜೂಕಿನ ಕೆಲಸ. ಸ್ವಲ್ಪ ಹೆಚ್ಚುಕಡಿಮೆಯಾದರೂ ಗಾಜು ಸೀಳುತ್ತದೆ. ಕಾಕಾ ಬೆಸೆದದ್ದು ಒಂದೂ ಸೀಳಲಿಲ್ಲ.

ಮೊದಲ ಒಂದು ವರ್ಷ ನನ್ನ ಪುಡಿಗಳು ಏನೂ ಮಾಡಲಿಲ್ಲ. ಆಮೇಲೆ ಒಂದು ಪುಡಿ ಮಾಡಿತು. ಮೊದಲ ದಿನ ಅಲ್ಲೊಂದು ಇಲ್ಲೊಂದು ಗುಳ್ಳೆ. ನಾಲ್ಕನೆಯ ದಿನ ಹಲಗೆಯ ತುಂಬ ಗುಳ್ಳೆ. ಹತ್ತನೆಯ ದಿನ ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಉಕ್ಕುತ್ತಿತ್ತು. ವೇಗವರ್ಧಕಗಳು ಸಾಮಾನ್ಯವಾಗಿ ದಿನಗಳೆದಂತೆ ದಣಿಯುತ್ತವೆ. ನನ್ನದು ಚುರುಕಾಗುತ್ತ ಹೋಯಿತು. ಸರ್ ಬಂದು ಪಾತ್ರೆಯ ಮುಂದೆ ನಿಂತವರು ಬಹಳ ಹೊತ್ತು ಕದಲಲಿಲ್ಲ. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು, "ಇನ್ನು ಅವರೆಲ್ಲ ಬಂದು ನೋಡಲಿ," ಎಂದರು. ಅವರೆಲ್ಲ ಅಂದರೆ ಯಾರೆಂದು ನಾನು ಕೇಳಲಿಲ್ಲ. ನನ್ನ ಮನಸ್ಸಿನಲ್ಲೂ ನನ್ನದೇ ಒಂದು 'ಅವರೆಲ್ಲ' ಇತ್ತು.

ಪ್ರಬಂಧ ಪ್ರಕಟವಾಯಿತು. ನಮ್ಮ ಮನೆಗೆ ಬರುತ್ತಿದ್ದ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಸುದ್ದಿಯೂ ಬಂತು. ಅಪ್ಪ ಅದನ್ನು ಕತ್ತರಿಸಿ ಪಂಚಾಂಗದೊಳಗಿಟ್ಟರು. ಭಾವ ಅದನ್ನು ಎರಡು ಸಲ ಓದಿ, ಮೊಟ್ಟಮೊದಲ ಬಾರಿಗೆ ಏನೂ ಹೇಳದೆ ಊಟ ಮಾಡಿದರು. ಆ ಮೌನ ನನಗೆ ಎಷ್ಟು ರುಚಿಸಿತೆಂದು ಈಗ ಹೇಳಲು ನಾಚಿಕೆಯಾಗುತ್ತದೆ. ಒಂದೂಕಾಲು ವರ್ಷ ಎಂಟು ಪಾತ್ರೆಗಳನ್ನು ಸಾಲಾಗಿಟ್ಟು ಬಿಡುವಿಲ್ಲದೆ ನಡೆಸಿದೆ. ದೆಹಲಿಯಿಂದ ಬಂದವರು ನೋಡಿದರು, ಪರದೇಶದವರು ಬಂದು ಫೋಟೊ ತೆಗೆದುಕೊಂಡರು.

ಸಂಸ್ಥೆಯ ಸ್ಟೋರ್ಸ್‌ನವರು ಪ್ಲಾಟಿನಂ ತೂಗಿ ಕೊಡುತ್ತಿದ್ದರು, ವರ್ಷಕ್ಕೊಮ್ಮೆ ತೂಗಿ ನೋಡುತ್ತಿದ್ದರು. ಆ ಸಲದ ತಪಾಸಣೆಯಲ್ಲಿ ತೂಕ ಕಡಿಮೆ ಬಂತು. ಎಂಟು ತಂತಿಗಳದೂ ಕಡಿಮೆ. ತಂತಿಗಳನ್ನು ಕೈಯಲ್ಲಿ ಹಿಡಿದು ಗಾಜಿಗೆ ಬೆಸೆದವರು ಯಾರು? ಕಾಕಾ. ಬಿಚ್ಚಿ ಶುಚಿಮಾಡಿ ಮತ್ತೆ ಬೆಸೆಯುತ್ತಿದ್ದವರು ಯಾರು? ಕಾಕಾ. ನಿವೃತ್ತಿಗೆ ನಾಲ್ಕು ತಿಂಗಳಿದ್ದ ಆ ಮನುಷ್ಯನ ಕೈಗೆ ಒಂದು ಆದೇಶ ಕೊಟ್ಟು, ಕಾರ್ಯಾಗಾರಕ್ಕೆ ಬೀಗ ಹಾಕಿ, ವಿಚಾರಣೆ ಮುಗಿಯುವ ತನಕ ಬರಬೇಡ ಎಂದರು.

ನನಗೆ ಗೊತ್ತಾದದ್ದು ಎರಡು ದಿನದ ಮೇಲೆ. ಆ ಶನಿವಾರ ಬೆಳಿಗ್ಗೆ ಬಸ್ಸು ಹಿಡಿದು ಸನತ್‌ನಗರಕ್ಕೆ ಹೋದೆ. ಸಣ್ಣ ಕಾರ್ಖಾನೆಗಳ ಸಾಲಿನ ಹಿಂದೆ ಕಾರ್ಮಿಕರ ಮನೆಗಳು. ಕಾಕಾ ಬನಿಯನ್ನು ಹಾಕಿಕೊಂಡು ಬಾಗಿಲಲ್ಲೇ ಕೂತಿದ್ದರು. ಕೈಗಳು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅವತ್ತೇ. ಅವರ ಹೆಂಡತಿ, ನಾನು ಕಾಕು ಎನ್ನುತ್ತಿದ್ದವರು, ಚಹಾ ತಂದುಕೊಟ್ಟು ಒಳಗೆ ಹೋದರು.

"ಕಾಕಾ, ನಾ ಎಲ್ಲಾರಿಗೂ ಹೇಳತೀನಿ, ನೀವು ಅಂಥವರಲ್ಲ ಅಂತ."

"ಅದನ್ನ ಹೇಳಾಕ ಬಂದ್ಯಾ?" ಅವರ ದನಿ ಗಡುಸಾಗಿತ್ತು. "ನಾ ಎಂಥಾಂವ ಅಂತ ಯಾರೂ ಸರ್ಟಿಫಿಕೇಟ್ ಕೊಡೂದು ಬ್ಯಾಡ ತಂಗಿ. ತಂತಿ ನೋಡ್ಯಾರೇನು ಅವ್ರು? ತಕ್ಕಡಿ ನೋಡ್ಯಾರ, ತಂತಿ ನೋಡಿಲ್ಲ."

"ತಂತಿಗೆ ಏನಾಗೈತಿ?"

"ಸಣ್ಣ ಆಗೈತಿ. ಉದ್ದ ಇದ್ದಷ್ಟೇ ಐತಿ, ದಪ್ಪ ಕಡಿಮಿ ಆಗೈತಿ. ಹೋದ ದೀಪಾವಳಿಗೆ ಬೆಸಿಗಿ ಹಾಕಿದಾಗ್ಲೇ ನನ್ನ ಬೆರಳಿಗೆ ಗೊತ್ತಾತು. ಕದಿಯಾಂವ ಆಗಿದ್ರ ಒಂದು ತುಂಡು ಕಟ್ ಮಾಡ್ತಾನ. ಎಂಟೂ ತಂತಿ ಈ ತುದಿಯಿಂದ ಆ ತುದಿತನಾ ಒಂದ ಸಮ ಸಣ್ಣ ಮಾಡೂ ಕಳ್ಳ ಯಾಂವ ಅದಾನ, ಹೇಳು."

ಚಹಾದ ಲೋಟ ಕೈಯಲ್ಲೇ ಇತ್ತು. ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮನಾಗಿ ತಂತಿಯನ್ನು ತೆಳುಮಾಡುವ ಕಳ್ಳ ಯಾರೆಂದು ಒಬ್ಬ ರಸಾಯನಶಾಸ್ತ್ರಜ್ಞೆ ಬಹಳ ಹೊತ್ತು ಯೋಚಿಸಬೇಕಾಗಿಲ್ಲ. ಆಮ್ಲ. ತಂತಿ ಕರಗಿತ್ತು. ಕರಗಿದ್ದು ಎಲ್ಲಿ ಹೋಯಿತು? ಪಾತ್ರೆಯಲ್ಲಿ ಇದ್ದದ್ದು ಎರಡೇ ವಿದ್ಯುದ್ವಾರಗಳು. ಒಂದರಿಂದ ಹೋದದ್ದು ಇನ್ನೊಂದರ ಮೇಲೆ ಕೂತಿರಬೇಕು. ನನ್ನ ಪುಡಿ ದಿನಗಳೆದಂತೆ ಚುರುಕಾದದ್ದು ಯಾಕೆಂದು ಆ ಬಾಗಿಲಲ್ಲಿ ಕೂತಲ್ಲೇ ತಿಳಿದುಹೋಯಿತು. ಪ್ಲಾಟಿನಂ ಬೇಕಿಲ್ಲ ಎಂದು ಪ್ರಪಂಚಕ್ಕೆ ಸಾರಿದ್ದ ನನ್ನ ವೇಗವರ್ಧಕ ಒಂದೂಕಾಲು ವರ್ಷ ಗುಟ್ಟಾಗಿ ಪ್ಲಾಟಿನಂ ತಿಂದುಕೊಂಡು ಕೆಲಸ ಮಾಡಿತ್ತು.

ಮನೆಗೆ ಹೋಗುವ ಬಸ್ಸಿನಲ್ಲಿ ನನಗೆ ಮೊದಲು ಬಂದ ಯೋಚನೆ ಕಾಕಾ ಅವರದಲ್ಲ. ಯಾರಿಗೂ ಗೊತ್ತಿಲ್ಲವಲ್ಲ, ಎಂಬುದೇ ಮೊದಲು ಬಂತು. ಇದನ್ನು ಈಗ ಹೇಳುವಾಗ ಮುಚ್ಚಿಡುವುದಿಲ್ಲ. ಎರಡನೆಯ ಯೋಚನೆ, ಕಾಕಾ ಅವರದು, ಬರಲು ಬಸ್ಸು ಅಬಿಡ್ಸ್ ಪೇಟೆ ಮುಟ್ಟುವವರೆಗೂ ಸಮಯ ಹಿಡಿಯಿತು. ಅಲ್ಲಿ ಇಳಿದು ಒಂದು ಅಂಗಡಿಯಲ್ಲಿ ಆರು ಟಾರ್ಚ್ ಸೆಲ್ಲು ಕೊಂಡೆ.

ಸೆಲ್ಲಿನ ಒಳಗೆ ನಡುವಿನಲ್ಲಿ ಇದ್ದಿಲಿನ ಕಡ್ಡಿ ಇರುತ್ತದೆ. ಸೋಮವಾರ ಆರೂ ಸೆಲ್ಲು ಒಡೆದು, ಕಡ್ಡಿಗಳನ್ನು ಆಮ್ಲದಲ್ಲಿ ಕುದಿಸಿ ಶುಚಿಮಾಡಿ, ಪ್ಲಾಟಿನಂ ತಂತಿಯ ಜಾಗದಲ್ಲಿ ಒಂದನ್ನು ಇಳಿಬಿಟ್ಟೆ. ಉಳಿದದ್ದೆಲ್ಲ ಮೊದಲಿನಂತೆಯೇ: ಹೊಸದಾಗಿ ಬಳಿದ ಅದೇ ಪುಡಿ, ಅದೇ ಆಮ್ಲ. ಅಲ್ಲೊಂದು ಇಲ್ಲೊಂದು ಗುಳ್ಳೆ ಬಂತು. ನಾಲ್ಕನೆಯ ದಿನವೂ ಅಷ್ಟೇ. ಹತ್ತನೆಯ ದಿನವೂ ಅಷ್ಟೇ. ಹಳೆಯ ಹಲಗೆಯಿಂದ ಪುಡಿ ಕೆರೆದು ವಿಶ್ಲೇಷಣೆಗೆ ಕಳುಹಿಸಿದೆ. ಅದರಲ್ಲಿ ಪ್ಲಾಟಿನಂ ಇದೆ ಎಂದು ವರದಿ ಬಂತು. ತಂತಿ ಅಷ್ಟು ಬೇಗ ಕರಗಿದ್ದು ಯಾಕೆಂಬುದೂ ತಿಳಿಯಿತು. ಪುಡಿ ಮಾಡಲು ನಾನು ಬಳಸುತ್ತಿದ್ದದ್ದು ಕಬ್ಬಿಣದ ಕ್ಲೋರೈಡ್. ತೊಳೆಯುವಾಗ ಅವಸರ ಮಾಡಿದ್ದೆ. ಉಳಿದ ಕ್ಲೋರೈಡ್ ಆಮ್ಲಕ್ಕೆ ಸೇರಿ ಪ್ಲಾಟಿನಂ ಕರಗಲು ದಾರಿ ಮಾಡಿಕೊಟ್ಟಿತ್ತು. ತಪ್ಪು ನನ್ನದೇ, ನನ್ನ ಕೈಯದೇ.

ವರದಿಯನ್ನು ಸರ್ ಮೇಜಿನ ಮೇಲಿಟ್ಟೆ. ಅವರು ಓದಿ, ಎದ್ದು ಬಾಗಿಲು ಮುಚ್ಚಿ ಬಂದರು.

"ಯಾರಿಗೆ ತೋರಿಸಿದ್ದೀಯ?"

"ನಿಮಗೇ ಮೊದಲು."

"ಒಳ್ಳೆಯದು. ಮೂರು ತಿಂಗಳು ಸುಮ್ಮನಿರು. ಯೋಜನೆ ಮುಂದುವರಿಯುವ ತೀರ್ಮಾನ ಆಗಲಿ. ಆಮೇಲೆ ನಾವೇ ಇನ್ನೊಂದು ಪ್ರಬಂಧ ಬರೆದು ಮೆಲ್ಲಗೆ ತಿದ್ದೋಣ."

"ಮೂರು ತಿಂಗಳಲ್ಲಿ ಗಾಜಿನ ಕಾಕಾ ಅವರ ಮೇಲೆ ಕಳ್ಳತನದ ತೀರ್ಮಾನ ಆಗಿಬಿಡುತ್ತದೆ ಸರ್."

"ಅದು ಸ್ಟೋರ್ಸ್‌ನವರ ವಿಷಯ. ಇದು ವಿಜ್ಞಾನದ ವಿಷಯ."

"ಎರಡರಲ್ಲೂ ಇರುವುದು ಅದೇ ಪ್ಲಾಟಿನಂ ಸರ್. ಅಲ್ಲಿ ಕಳೆದದ್ದು ಇಲ್ಲಿ ಸಿಕ್ಕಿದೆ."

ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅವರು ಕೆಟ್ಟವರಾಗಿರಲಿಲ್ಲ, ಹೆದರಿದ್ದರು. "ನಿನ್ನ ಮಹಾಪ್ರಬಂಧಕ್ಕೆ ಸಹಿ ಹಾಕಬೇಕಾದವನು ನಾನು, ಗೊತ್ತಿದೆಯಲ್ಲ?" ಎಂದು ಮೆಲ್ಲಗೆ ಕೇಳಿದರು.

"ಗೊತ್ತಿದೆ ಸರ್. ಸುಳ್ಳಿನ ಕೆಳಗೆ ಆ ಸಹಿ ನನಗೆ ಬೇಡ," ಎಂದು ಹೇಳಿ ವರದಿ ಎತ್ತಿಕೊಂಡು ಹೊರಗೆ ಬಂದೆ.

ಮನೆಯಲ್ಲಿ ಅಪ್ಪನಿಗೆ ಎಲ್ಲ ಹೇಳಿದೆ. ಪಂಚಾಂಗದೊಳಗಿನ ಆ ನಾಲ್ಕು ಸಾಲು ಸುಳ್ಳೆಂಬುದನ್ನೂ ಹೇಳಿದೆ. ಅವರಿಗೆ ನೋವಾಯಿತು, ಮುಖದಲ್ಲಿ ಕಂಡಿತು. ಆದರೂ ಕೇಳಿದರು, "ಮತ್ತ ಯಾರಿಗೆ ಬರೀತಿ?"

"ವಿಚಾರಣಾ ಸಮಿತಿಗೆ ಒಂದು. ಪ್ರಬಂಧ ಛಾಪಿಸಿದ ಪತ್ರಿಕೆಗೆ ಒಂದು."

"ಬರಿ. 'ನಾವು' ಅಂತ ಬರೀಬ್ಯಾಡ, 'ನಾನು' ಅಂತ ಬರಿ. ಇಲಾಖೆಯೊಳಗ ಇಷ್ಟು ವರ್ಷ ನೋಡೀನಿ. ನಾವು ಅಂತ ಬರೆದ ಕಾಗದ ಯಾರ ತಪ್ಪೂ ಅಲ್ಲ ಅಂತ ಮುಚ್ಚಿಹೋಗ್ತದ."

ಎರಡು ಪತ್ರವನ್ನೂ 'ನಾನು' ಎಂದೇ ಬರೆದೆ.

ಸಮಿತಿಯಲ್ಲಿ ನಾಲ್ವರಿದ್ದರು. ಮೂವರು ಆಡಳಿತದವರು, ಒಬ್ಬರು ಮಾತ್ರ ರಸಾಯನಶಾಸ್ತ್ರ ಓದಿದವರು. ಅಧ್ಯಕ್ಷರಿಗೆ ನನ್ನ ಪತ್ರ ಒಂದು ನೆಪವೆಂದು ಕಂಡಿತು. "ಲೋಹ ತಾನಾಗಿ ನಡೆದುಕೊಂಡು ಹೋಗಿ ಎದುರು ಹಲಗೆಯ ಮೇಲೆ ಕೂತಿತು ಎನ್ನುತ್ತೀರಿ. ನಿಮ್ಮಿಬ್ಬರದೂ ಒಂದೇ ಭಾಷೆಯಂತೆ ಬೇರೆ," ಎಂದು ನಕ್ಕರು.

"ಭಾಷೆ ಒಂದೇ. ಅದಕ್ಕೇ ನನ್ನ ಮಾತು ನಂಬಬೇಡಿ," ಎಂದೆ. "ಹೊಸ ತಂತಿ ತನ್ನಿ. ನೀವೇ ತೂಗಿ. ನಾನು ಪಾತ್ರೆ ಜೋಡಿಸಿ ಹೊರಗೆ ಬರುತ್ತೇನೆ. ಕೋಣೆಗೆ ನೀವೇ ಬೀಗ ಹಾಕಿ ಮೊಹರು ಮಾಡಿ. ಹತ್ತು ದಿನದ ಮೇಲೆ ನೀವೇ ತೆಗೆದು ತೂಗಿ."

ರಸಾಯನಶಾಸ್ತ್ರ ಓದಿದ್ದವರು ಮೊದಲ ಬಾರಿಗೆ ತಲೆಯೆತ್ತಿ ನನ್ನನ್ನು ನೋಡಿ, "ಅದು ಸರಿಯಾದ ಮಾತು," ಎಂದರು.

ಹಾಗೇ ಮಾಡಿದರು. ಆ ಹತ್ತು ದಿನ ನನಗೆ ಕೆಲಸವಿರಲಿಲ್ಲ. ಸರ್ ನನ್ನ ಮೇಜನ್ನು ಕಾರಿಡಾರಿಗೆ ಹಾಕಿಸಿದ್ದರು. ಹೋಗಿಬರುವವರೆಲ್ಲ ನೋಡುತ್ತಿದ್ದರು. ನಾನು ಅಲ್ಲೇ ಕೂತು ಓದಿದೆ, ಅಲ್ಲೇ ಡಬ್ಬಿ ಬಿಚ್ಚಿ ಊಟ ಮಾಡಿದೆ. ಲೈಬ್ರರಿಗೆ ಹೋಗಿ ಕೂರಬಹುದಿತ್ತು. ಹೋಗಲಿಲ್ಲ. ನೋಡುವವರು ನೋಡಲಿ ಎಂದೇ ಕೂತೆ.

ಹನ್ನೊಂದನೆಯ ದಿನ ಎಲ್ಲರ ಎದುರಿಗೆ ಮೊಹರು ಒಡೆದರು. ಹಲಗೆಯ ಮೇಲೆ ಗುಳ್ಳೆಗಳು ಉಕ್ಕುತ್ತಿದ್ದವು. ಅಷ್ಟು ಚಂದದ ದೃಶ್ಯವನ್ನು ದ್ವೇಷಿಸುವುದು ಹೇಗೆಂದು ನನಗೆ ತಿಳಿಯಲಿಲ್ಲ. ತಂತಿ ತೆಗೆದು, ತೊಳೆದು, ಒಣಗಿಸಿ, ಗಾಜಿನ ಪೆಟ್ಟಿಗೆಯೊಳಗಿನ ಸೂಕ್ಷ್ಮ ತಕ್ಕಡಿಯಲ್ಲಿಟ್ಟರು. ಕಡಿಮೆ ಬಂತು. ಬಹಳವಲ್ಲ. ಆದರೆ ಅಷ್ಟನ್ನು ಒಂದೂಕಾಲು ವರ್ಷಕ್ಕೆ, ಎಂಟು ಪಾತ್ರೆಗೆ ಲೆಕ್ಕ ಹಾಕಿದರೆ ಏನಾಗುತ್ತದೆಂದು ಅವರಿಗೆ ಹೇಳಿಕೊಡಬೇಕಾಗಲಿಲ್ಲ. ಅಧ್ಯಕ್ಷರು ಇನ್ನೊಮ್ಮೆ ತೂಗಿಸಿದರು. ಮತ್ತೊಮ್ಮೆ ತೂಗಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಹಾಗಾದರೆ ಕದ್ದವರು ನೀವೇ ಅಂದಹಾಗಾಯಿತು," ಎಂದರು.

"ಹೌದು. ನನ್ನ ಆಮ್ಲ ಕದ್ದಿದೆ, ನನ್ನ ಪುಡಿ ಬಚ್ಚಿಟ್ಟುಕೊಂಡಿದೆ. ವರದಿಯಲ್ಲಿ ಹಾಗೆಯೇ ಬರೆಯಿರಿ. ಗಾಜಿನ ಕಾರ್ಯಾಗಾರದ ಬೀಗ ಇವತ್ತೇ ತೆಗೆಸಿ."

ಬೀಗ ಅವತ್ತು ತೆಗೆಯಲಿಲ್ಲ. ಎರಡು ವಾರ ಹಿಡಿಯಿತು. ಆದರೆ ತೆಗೆದರು. ಕಾಕಾ ಬಂದರು, ನೇರಳೆ ಕನ್ನಡಕ ಹಾಕಿಕೊಂಡು ಬರ್ನರ್ ಹೊತ್ತಿಸಿದರು. ಯಾರೂ ಅವರ ಬಳಿ ಹೋಗಿ ತಪ್ಪಾಯಿತೆಂದು ಹೇಳಲಿಲ್ಲ. ಅವರು ನಿರ್ದೋಷಿ ಎಂದು ಬರೆದ ಕಾಗದ ಆಫೀಸಿನ ಫೈಲಿನಲ್ಲೇ ಉಳಿಯಿತು. ಕದ್ದ ಸುದ್ದಿ ಎಲ್ಲರಿಗೂ ಗೊತ್ತು, ಕದಿಯದ ಸುದ್ದಿ ಯಾರಿಗೂ ಗೊತ್ತಿಲ್ಲ. ಕ್ಯಾಂಟೀನಿನಲ್ಲಿ ಅವರು ಕೂತ ಮೇಜಿಗೆ ಬರಲು ಕೆಲವರು ಇನ್ನೂ ಹಿಂದೇಟು ಹಾಕುತ್ತಿದ್ದರು.

ಅವರ ನಿವೃತ್ತಿಯ ದಿನ ಸಭಾಂಗಣದಲ್ಲಿ ಬೀಳ್ಕೊಡುಗೆ. ಕಾಕು ಹೊಸ ಇಳಕಲ್ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದರು. ಅಧಿಕಾರಿಯೊಬ್ಬರು ಮಾತಾಡಿ, ಹಾರ ಹಿಡಿದು ಮುಂದೆ ಬಂದರು. ಕಾಕಾ ಕೊರಳು ಬಗ್ಗಿಸಲಿಲ್ಲ. ಕೈ ಅಡ್ಡ ಹಿಡಿದು ಹಿಂದಿಯಲ್ಲಿ, "ಹಾರ ಆಮೇಲೆ ಸಾಹೇಬರೇ. ಮೊದಲು ಆ ಕಾಗದ ಓದಿ," ಎಂದರು.

ಯಾವ ಕಾಗದ ಎಂದು ಅಧಿಕಾರಿ ಕೇಳಿದರು.

"ನಾನು ಕಳ್ಳನಲ್ಲ ಅನ್ನುವ ಕಾಗದ. ಬರಬೇಡ ಅಂದ ಆದೇಶವನ್ನು ಎಲ್ಲರೆದುರು ಕೊಟ್ಟಿದ್ದಿರಿ. ಇದನ್ನೂ ಎಲ್ಲರೆದುರು ಓದಿ."

"ಅದು ಫೈಲಿನಲ್ಲಿದೆಯಲ್ಲ," ಎಂದರು ಅಧಿಕಾರಿ.

"ಫೈಲು ತರಿಸಿ. ನನಗೆ ಅವಸರವಿಲ್ಲ. ಇವತ್ತಿನಿಂದ ರಿಟೈರ್ ಆಗಿದ್ದೇನೆ," ಎಂದು ಕುರ್ಚಿಯ ಮೇಲೆ ಕೂತುಬಿಟ್ಟರು.

ಫೈಲು ಬರುವ ತನಕ ಇಪ್ಪತ್ತು ನಿಮಿಷ ಇಡೀ ಸಂಸ್ಥೆ ಕಾಯಿತು. ಹಾರ ಹಿಡಿದವರು ಹಾರ ಹಿಡಿದುಕೊಂಡೇ ನಿಂತಿದ್ದರು. ಕಾಗದ ಓದಿದರು. ಕಾಕಾ ಪೂರ್ತಿ ಕೇಳಿ, ಎದ್ದು, ಕೊರಳು ಬಗ್ಗಿಸಿದರು. ಮೊದಲು ಚಪ್ಪಾಳೆ ಹೊಡೆದದ್ದು ಹಿಂದಿನ ಸಾಲಿನಲ್ಲಿದ್ದ ವರ್ಕ್‌ಶಾಪಿನವರು. ಹೊರಗೆ ಬೇವಿನ ಮರದ ಕೆಳಗೆ ಸಿಕ್ಕಾಗ ನಾನು ಅಳುತ್ತಿದ್ದೆ.

"ಯಾಕ ಅಳಾಕತ್ತಿ?" ಎಂದರು. "ನಿಂದು ಇನ್ನೂ ಭಾಳ ಐತಿ. ಅಳೂದು ಕಡೀಗೆ ಇಟ್ಕೊ."

ನಿಜವಾಗಿಯೂ ಭಾಳ ಇತ್ತು. ಪ್ರಬಂಧ ಹಿಂದಕ್ಕೆ ಪಡೆದ ಸೂಚನೆ ನನ್ನೊಬ್ಬಳ ಹೆಸರಿನಲ್ಲಿ ಬಂತು. ಸರ್ ಅದಕ್ಕೆ ಹೆಸರು ಕೊಡಲಿಲ್ಲ. ಯೋಜನೆ ನಿಂತಿತು. ಸಮಿತಿಯಲ್ಲಿದ್ದ ಆ ರಸಾಯನಶಾಸ್ತ್ರಜ್ಞರು ನನ್ನನ್ನು ತಮ್ಮ ವಿದ್ಯಾರ್ಥಿಯಾಗಿ ತೆಗೆದುಕೊಂಡರು. ಮೊದಲಿನಿಂದ ಶುರುಮಾಡು ಎಂದರು, ಮಾಡಿದೆ. ಕ್ಲೋರೈಡ್ ಬಿಟ್ಟು ಬೇರೆ ಲವಣ ಹಿಡಿದೆ. ತೊಳೆದ ನೀರು ಶುದ್ಧವಾಗಿದೆಯೆಂದು ಪರೀಕ್ಷೆಯಿಂದ ಖಚಿತವಾಗುವವರೆಗೂ ತೊಳೆದೆ. ಎದುರಿನ ವಿದ್ಯುದ್ವಾರಕ್ಕೆ ಪ್ಲಾಟಿನಂ ಬಳಸಲಿಲ್ಲ. ಪ್ಲಾಟಿನಂ ಹೇಗೆ ಮೋಸ ಮಾಡುತ್ತದೆ ಎಂಬುದನ್ನೇ ಮಹಾಪ್ರಬಂಧದ ಮೊದಲ ಅಧ್ಯಾಯ ಮಾಡಿದೆ. ಕಡೆಗೆ ಸಿಕ್ಕ ಪುಡಿ ಮೊದಲಿನದರ ಕಾಲಿನ ಧೂಳಿಗೂ ಸಮನಲ್ಲ. ಆದರೆ ಮಾಡುವಷ್ಟು ಕೆಲಸವನ್ನು ತಾನೇ ಮಾಡುತ್ತಿತ್ತು, ಪ್ಲಾಟಿನಂ ಅಲ್ಲ.

ಪದವಿ ಸಿಕ್ಕಿದ್ದು ಎರಡೂವರೆ ವರ್ಷ ತಡವಾಗಿ. ಅಷ್ಟರಲ್ಲಿ ಊರಂಚಿನ ಮಾದಾಪುರದ ಬಂಡೆಗಳ ನಡುವೆ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳೆದ್ದಿದ್ದವು. ಆ ನಾಲ್ವರು ಗೆಳೆಯರಲ್ಲಿ ಇಬ್ಬರು ಅಲ್ಲೇ ಕೆಲಸದಲ್ಲಿದ್ದರು. ಸಿಕ್ಕಾಗ ಮರುಕದಿಂದ ನೋಡುತ್ತಿದ್ದರು. ಎರಡು ಕಡೆ ಸಂದರ್ಶನಕ್ಕೆ ಹೋದೆ. ಎರಡೂ ಕಡೆ ಹಿಂದಕ್ಕೆ ಪಡೆದ ಪ್ರಬಂಧದ ಬಗ್ಗೆಯೇ ಪ್ರಶ್ನೆ. "ನಿಮ್ಮ ಕೆಲಸ ತಪ್ಪಾಗಿತ್ತಲ್ಲವೇ?" ಎಂದು ಒಬ್ಬರು ಕೇಳಿದರು. "ಆಗಿತ್ತು. ಅದನ್ನು ನಿಮಗೆ ಹೇಳಿದವಳೂ ನಾನೇ," ಎಂದೆ. ಕೆಲಸ ಸಿಗಲಿಲ್ಲ. ಭಾವ ಈ ಸಲ ಹಂಗಿಸಲಿಲ್ಲ, ಪ್ರೀತಿಯಿಂದಲೇ ಕೇಳಿದರು.

"ಸೀಟ್ ಇನ್ನೂ ಇಟ್ಟೀನಿ ನಿನಗ. ಬರ್ತಿಯೇನು?"

"ಸೋತು ಬಂದೆ ಅಂತ ಆಗ್ತದ ಭಾವ. ನಾ ಇನ್ನೂ ಸೋತಿಲ್ಲ."

ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಹಿಡಿದೆ. ರಸಾಯನಶಾಸ್ತ್ರಕ್ಕೆ ಬರುವ ಮಕ್ಕಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರು. ಎರಡನೆಯ ವರ್ಷ ಪ್ರಿನ್ಸಿಪಾಲರು ಕರೆದು, ನಮ್ಮ ಪ್ರಯೋಗಾಲಯವನ್ನು ಕಂಪ್ಯೂಟರ್ ಲ್ಯಾಬ್ ಮಾಡುವುದೆಂದು ತೀರ್ಮಾನವಾಗಿದೆ, ಬೀಗದ ಕೈ ಕೊಡಿ ಎಂದರು. ಕೊಡುವುದಿಲ್ಲ ಎಂದೆ. ಅವರಿಗೆ ನಂಬಿಕೆಯಾಗಲಿಲ್ಲ.

"ಹನ್ನೊಂದು ಜನ ವಿದ್ಯಾರ್ಥಿಗಳಿಗಾಗಿ ಇಷ್ಟು ದೊಡ್ಡ ಹಾಲೇನಮ್ಮಾ?"

"ಹನ್ನೊಂದು ಜನ ಫೀಸು ಕಟ್ಟಿ ರಸಾಯನಶಾಸ್ತ್ರ ಕಲಿಯಲು ಬಂದಿದ್ದಾರೆ ಸರ್. ಅವರನ್ನು ಎಲ್ಲಿ ನಿಲ್ಲಿಸಲಿ ಎಂದು ಬರೆದುಕೊಡಿ. ನಿಮ್ಮ ಕಾಗದ ತೋರಿಸಿ ಅವರ ತಂದೆತಾಯಿಗಳಿಗೆ ನಾನೇ ಹೇಳುತ್ತೇನೆ."

ಬರೆದುಕೊಡಲಿಲ್ಲ. ಕಡೆಗೆ ಕೋಣೆಯ ನಡುವೆ ಪ್ಲೈವುಡ್ ಗೋಡೆ ಎಬ್ಬಿಸಿ ಅರ್ಧ ಅವರು ತೆಗೆದುಕೊಂಡರು, ಅರ್ಧ ನಮಗೆ ಉಳಿಯಿತು. ನೀರಿನ ನಲ್ಲಿ, ಗ್ಯಾಸಿನ ಕೊಳಾಯಿ ಇರುವ ಅರ್ಧವೇ ಬೇಕೆಂದು ಹಟ ಹಿಡಿದು ಅದನ್ನೇ ಪಡೆದೆ. ಗೋಡೆಯಾಚೆ ಕೀಬೋರ್ಡುಗಳ ಸದ್ದು, ಈಚೆ ನಮ್ಮ ಹನ್ನೊಂದು ಜನ. ಸನತ್‌ನಗರದಲ್ಲಿ ಮನೆಯ ಮುಂದೆಯೇ ಬರ್ನರ್ ಇಟ್ಟುಕೊಂಡು ಕೆಲಸ ಶುರುಮಾಡಿದ್ದ ಕಾಕಾ ಎರಡು ಹೊಸ ಪಾತ್ರೆ ಊದಿ, ತಾವೇ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದುಕೊಟ್ಟರು.

ಆ ಅರ್ಧ ಕೋಣೆಯಲ್ಲಿ ನನ್ನ ನಿಧಾನದ ಪುಡಿಯನ್ನು ಹಲಗೆಗೆ ಬಳಿದು ನಡೆಸಿದೆ. ಟರ್ಮ್ ಪೂರ್ತಿ ನಡೆಯಿತು. ಚುರುಕಾಗಲಿಲ್ಲ, ದಣಿಯಲೂ ಇಲ್ಲ. ಅದರ ಮೇಲೆ ಬರೆದ ಪ್ರಬಂಧ ಓದಿ, ನನ್ನನ್ನು ಬೇಡವೆಂದಿದ್ದ ಎರಡು ಕಡೆಗಳಲ್ಲಿ ಒಂದು ಕಡೆಯವರು ಮತ್ತೆ ಕರೆದರು. ಅಲ್ಲೇ ಇಪ್ಪತ್ತು ವರ್ಷ ವೇಗವರ್ಧಕಗಳ ಕೆಲಸ ಮಾಡಿದ್ದೇನೆ. ನನ್ನ ಪ್ರಬಂಧಗಳ ಪಟ್ಟಿಯಲ್ಲಿ ಮೊದಲನೆಯದು ಇವತ್ತಿಗೂ ಆ ಹಿಂದಕ್ಕೆ ಪಡೆದ ಪ್ರಬಂಧವೇ, ಪಕ್ಕದಲ್ಲಿ ಕಾರಣ ಬರೆದು. ಅದನ್ನು ತೆಗೆದುಬಿಡಿ ಮೇಡಂ, ಚೆನ್ನಾಗಿ ಕಾಣುವುದಿಲ್ಲ ಎಂದು ಬಡ್ತಿಯ ಅರ್ಜಿ ಹಾಕುವಾಗಲೆಲ್ಲ ಆಫೀಸಿನವರು ಹೇಳುತ್ತಾರೆ. ತೆಗೆದಿಲ್ಲ.